ಮೂರು ಇಂಗ್ಲಿಷಿನಲ್ಲಿ ಪಾಪಿರೆಡ್ಡಿಪಟ್ಟಿಗೆ ದಾರಿ

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಇಂಗ್ಲಿಷ್ ಮಾತನಾಡುವ ಹೆಂಗಸರಲ್ಲಿ ಎಷ್ಟು ಬಗೆ ಎಂದು ಸೇಲಂ ಹತ್ತಿರದ ನಮ್ಮ ಶಂಕಗಿರಿಯಲ್ಲಿ ನನ್ನಷ್ಟು ತಿಳಿದವರು ಕಡಿಮೆ. ತಪ್ಪು ತಿಳಿಯಬೇಡಿ, ನಾನು ಹೇಳುತ್ತಿರುವುದು ಫೋನಿನೊಳಗೆ ಕೂತು ದಾರಿ ಹೇಳುವ ಹೆಂಗಸರ ವಿಷಯ.

ನಾನು ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಲೋಡು ಹಿಡಿದು ಬಂದ ಡ್ರೈವರುಗಳು ಕಾಗದ ಪತ್ರ ಕೊಡಲು ಒಳಗೆ ಬರುತ್ತಾರೆ, ಫೋನನ್ನು ನನ್ನ ಮೇಜಿನ ಮೇಲೆ ಇಟ್ಟು ಮುಖ ತೊಳೆಯಲು ಹೋಗುತ್ತಾರೆ. ಮ್ಯಾಪ್ ನಿಲ್ಲಿಸುವ ಅಭ್ಯಾಸ ಯಾರಿಗೂ ಇಲ್ಲ. ಹಾಗಾಗಿ ಒಂದೊಂದು ದಿನ ಮೂರು ಫೋನು ಅಕ್ಕಪಕ್ಕ ಮಲಗಿಕೊಂಡು ಮೂರು ದನಿಯಲ್ಲಿ ನನ್ನ ಮೇಜಿಗೆ ದಾರಿ ಹೇಳುತ್ತಿರುತ್ತವೆ. ಒಬ್ಬಳು ಅಮೆರಿಕದವಳು, ಮಾತು ಮೂಗಿನಿಂದ ಬರುತ್ತದೆ. ಒಬ್ಬಳು ಇಂಗ್ಲೆಂಡಿನವಳು, ಪ್ರತಿ ಮಾತನ್ನೂ ಇಸ್ತ್ರಿ ಹಾಕಿ ಇಡುತ್ತಾಳೆ. ಇನ್ನೊಬ್ಬಳು ನಮ್ಮ ದೇಶದವಳೇ, ಬ್ಯಾಂಕಿನ ಕೌಂಟರಿನಲ್ಲಿ ಕೇಳಿಬರುವ ದನಿ.

ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ರಸ್ತೆ ನಡುವಿನ ದುಂಡು ಕಟ್ಟೆಯನ್ನು ಅಮೆರಿಕದವಳು ಟ್ರಾಫಿಕ್ ಸರ್ಕಲ್ ಎನ್ನುತ್ತಾಳೆ, ಇಂಗ್ಲೆಂಡಿನವಳು ರೌಂಡಬೌಟ್ ಎನ್ನುತ್ತಾಳೆ. ಯಾರು ಏನೇ ಅನ್ನಲಿ, ಸೇಲಂ ಸೀಮೆಯಲ್ಲಿ ಅದು ರೌಂಡಾನಾ. ಹೆದ್ದಾರಿಯಿಂದ ಪಕ್ಕಕ್ಕೆ ಇಳಿಯುವ ದಾರಿ ಒಬ್ಬಳಿಗೆ ರ್‍ಯಾಂಪು, ಒಬ್ಬಳಿಗೆ ಸ್ಲಿಪ್ ರೋಡು, ನಮ್ಮವಳಿಗೆ ಸರ್ವೀಸ್ ರೋಡು. ಒಬ್ಬಳು ಮೈಲಿ, ಅಡಿಗಳಲ್ಲಿ ಅಳೆದರೆ ಇನ್ನೊಬ್ಬಳು ಗಜ, ನಮ್ಮವಳು ಮೀಟರು. ಇದನ್ನೆಲ್ಲ ಹರಿದ ದಿನದ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೆ. ಕೆಲವರು ನಾಣ್ಯ ಸೇರಿಸುತ್ತಾರೆ, ನಾನು ಇದನ್ನು ಸೇರಿಸಿದೆ.

ತಮಿಳು ದನಿಯೂ ಇರುವಾಗ ಇಂಗ್ಲಿಷ್ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಒಬ್ಬ ಡ್ರೈವರನ್ನು ಕೇಳಿದೆ. "ತಮಿಳಿನಲ್ಲಿ ಹೇಳಿದರೆ ಹೆಂಡತಿ ಹೇಳಿದಂತಾಗುತ್ತದೆ, ಎದುರು ಮಾತಾಡಿಬಿಡುತ್ತೇನೆ. ಇಂಗ್ಲಿಷಾದರೆ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ," ಎಂದ. ಅವನ ಮಾತು ನನಗೆ ಸರಿಯೆನಿಸಿತು.

ನಮ್ಮ ಮನೆ ಮಾತು ಕನ್ನಡ. ಓದಿದ್ದು ತಮಿಳು. ಕನ್ನಡ ಅಕ್ಷರ ಕಲಿತದ್ದು ಕರ್ನಾಟಕದ ಲಾರಿಗಳ ಹಿಂಬದಿಯನ್ನು ಓದಿ ಓದಿ. ನನ್ನ ಜೊತೆಗಿರುವ ಅವ್ವ ಮೇಟೂರು ಕಡೆಯ ಕುರಿಯವರ ಮನೆಯ ಹೆಣ್ಣು. ಲಂಗ ಉಡುವ ವಯಸ್ಸಿನಿಂದ ಮದುವೆಯಾಗುವವರೆಗೆ ಕುರಿ ಕಾಯ್ದವಳು. ಅವಳ ಬಾಯಲ್ಲಿ ಎಡ ಬಲ ಎಂಬ ಮಾತೇ ಬರುವುದಿಲ್ಲ. ಚೊಂಬನ್ನು ಪಡುವಲ ಗೋಡೆಗೆ ಇಡು ಎನ್ನುತ್ತಾಳೆ, ತೆಂಕಲಿಗೆ ಸರಿದು ಮಲಗು ಎನ್ನುತ್ತಾಳೆ. ನಾನು ಮಂಚದ ಮೇಲೆ ಕೂತು ಸೂರ್ಯ ಎಲ್ಲಿ ಹುಟ್ಟಿದ ಎಂದು ಯೋಚಿಸಿ ಆಮೇಲೆ ಸರಿಯಬೇಕು.

ಇನ್ನು ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸರಕಿನ ಯಜಮಾನರು ಫೋನ್ ಮಾಡಿ ಗಾಡಿ ಎಲ್ಲಿದೆ ಎಂದು ಕೇಳುತ್ತಾರೆ. "ತೊಪ್ಪೂರು ಘಾಟಿ ಇಳಿದಾಯಿತು ಸಾರ್," ಎನ್ನುತ್ತೇನೆ. ಗಾಡಿ ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ನಿಂತಿರುತ್ತದೆ, ಡ್ರೈವರು ತಲೆಗೆ ಸೋಪು ಹಚ್ಚಿಕೊಳ್ಳುತ್ತಿರುತ್ತಾನೆ. ಇದು ಸುಳ್ಳಲ್ಲ, ಕಸುಬು ಎಂದು ನನಗೆ ಕಲಿಸಿದವರು ಹೇಳಿದ್ದರು. ಇಪ್ಪತ್ತು ವರ್ಷ ಹೇಳಿದ ಮೇಲೆ ನಾಲಿಗೆ ನನ್ನನ್ನು ಕೇಳದೆಯೇ ಆ ಕೆಲಸ ಮಾಡುತ್ತದೆ.

ನನಗೆ ಒಬ್ಬಳೇ ತಂಗಿ. ಪಾಪಿರೆಡ್ಡಿಪಟ್ಟಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ, ಅವರದೂ ಕುರಿ ಸಾಕುವ ಮನೆ. ನಮ್ಮವರಲ್ಲಿ ಮಗುವಿಗೆ ಮೊದಲ ಸಲ ತಲೆ ಬೋಳಿಸಿ ಕಿವಿ ಚುಚ್ಚುವುದು ಮನೆದೇವರ ಗುಡಿಯ ಮುಂದೆ. ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಓಲೆ ತರುವವನೂ ಅವನೇ. ಅವನು ಬರದಿದ್ದರೆ ಮಗುವಿನ ಕಿವಿಗೆ ಏನೂ ಆಗುವುದಿಲ್ಲ, ತಾಯಿಯ ತಲೆ ತಗ್ಗುತ್ತದೆ. ತವರಿನವರು ಇಷ್ಟೇನಾ ಎಂದು ಗಂಡನ ಮನೆಯವರು ಬಾಯಿ ಬಿಟ್ಟು ಹೇಳುವುದಿಲ್ಲ, ಒಂದು ಸಲ ಸುಮ್ಮನೆ ನೋಡುತ್ತಾರೆ. ಆ ನೋಟವೇ ಸಾಕು.

ನಾಲ್ಕು ವರ್ಷದ ಹಿಂದೆ ತಂಗಿಯ ಮೊದಲ ಮಗನ ಕಿವಿ ಚುಚ್ಚುವ ದಿನ ನಾನು ಹೊರಡುವ ಹೊತ್ತಿಗೆ ಎರಡು ಗಾಡಿ ಲೋಡಿಂಗಿನಲ್ಲಿ ಸಿಕ್ಕಿಕೊಂಡವು. ಮುಗಿಸಿ ಹೊರಡೋಣ ಎಂದು ಕುರ್ಚಿಯಲ್ಲಿ ಕೂತಿದ್ದಾಗ ತಂಗಿ ಫೋನ್ ಮಾಡಿದಳು. "ಅಣಾ, ಎಲ್ಲಿದೀಯಾ?"

"ಅಯೋಧ್ಯಾಪಟ್ಟಣ ದಾಟ್ದೆ. ಅರ್ಧ ಗಂಟೆ," ಎಂದಿತು ನನ್ನ ನಾಲಿಗೆ. ಅಯೋಧ್ಯಾಪಟ್ಟಣ ಇರುವುದು ಸೇಲಂ ಆಚೆ. ನಾನು ಇದ್ದದ್ದು ಶಂಕಗಿರಿಯಲ್ಲಿ.

ಅವಳು ನಂಬಿದಳು. ಅಣ್ಣ ದಾಟಿದನಂತೆ, ಇನ್ನೇನು ಬಂದ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳಂತೆ. ಒಂದೂವರೆ ಗಂಟೆ ಕಾದರು. ಒಳ್ಳೆಯ ಹೊತ್ತು ಮುಗಿಯುತ್ತ ಬಂದಾಗ ಅವಳ ಗಂಡನ ಕಡೆಯ ಒಬ್ಬರ ತೊಡೆಯ ಮೇಲೆ ಮಗುವನ್ನು ಕೂರಿಸಿ ಚುಚ್ಚಿಸಿದರು. ಹಿಂದಿನ ದಿನವೇ ನೆಂಟರ ಜೊತೆ ಧರ್ಮಪುರಿ ಮೇಲೆ ಬಸ್ಸಿನಲ್ಲಿ ಹೋಗಿದ್ದ ಅವ್ವ ಇದನ್ನೆಲ್ಲ ಕಣ್ಣಾರೆ ನೋಡಿ ಬಂದಳು, ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ತಂಗಿ ಬೈಯಲಿಲ್ಲ. ಅದೇ ಕಷ್ಟವಾದದ್ದು. ಆ ಹುಡುಗ ಈಗ ಆ ಇನ್ನೊಬ್ಬರನ್ನು ಮಾಮ ಎನ್ನುತ್ತಾನೆ, ನನ್ನನ್ನು ಶಂಕಗಿರಿ ಅಂಕಲ್ ಎನ್ನುತ್ತಾನೆ. ಪ್ರತಿ ಸಲ ಕೇಳಿದಾಗಲೂ ಎದೆಗೆ ಮುಳ್ಳು ಚುಚ್ಚಿದಂತಾಗುತ್ತದೆ, ತೋರಿಸಿಕೊಳ್ಳುವ ಯೋಗ್ಯತೆ ನನಗಿಲ್ಲ.

ಈ ವರ್ಷ ಎರಡನೆಯ ಮಗುವಿನ ಸರದಿ ಬಂತು. ಒಂದೂವರೆ ವರ್ಷದ ಹೆಣ್ಣು ಕೂಸು. ತಂಗಿ ಫೋನ್ ಮಾಡಿದಳು.

"ಸೋಮಾರ. ಅತ್ತೂವರೆ ಒಳಗೆ ಚುಚ್ಚಬೇಕು, ಆಮೇಲೆ ಯಮಗಂಡ. ಮಾಮ ಅಂದ್ರೆ ನೀನೇ. ಆದ್ರೆ ಅಣಾ, ಒರಡೋವಾಗ ನಿನ್ನ ಲೈವ್ ಲೊಕೇಶನ್ ನನಗೆ ಆಕ್ಬುಡು."

"ಯಾಕೆ?"

"ಸುಮ್ನೆ."

ಸುಮ್ಮನೆ ಅಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಕಿವಿ ಬಿಸಿಯಾಯಿತು. ಒಡಹುಟ್ಟಿದವಳು ಅಣ್ಣನನ್ನು ಲಾರಿಯಂತೆ ಚುಕ್ಕಿ ಇಟ್ಟು ನೋಡುವ ಹಾಗಾಯಿತಲ್ಲ ಎಂದು ಸಿಟ್ಟೂ ಬಂತು. ಆದರೆ ಆ ಸಿಟ್ಟಿಗೆ ನಿಲ್ಲಲು ಕಾಲಿರಲಿಲ್ಲ. ಗುಡಿ ಎಲ್ಲಿದೆ ಎಂದು ಕೇಳಿದೆ. ಮೊದಲ ಸಲ ಹೋಗಲೇ ಇಲ್ಲವಲ್ಲ, ನನಗೆ ಹೇಗೆ ಗೊತ್ತಿರಬೇಕು?

"ಮ್ಯಾಪಲ್ಲಿ ನಮ್ಮ ಗುಡಿ ಇಲ್ಲ. ನಾನೂ ಒಂದು ಲೊಕೇಶನ್ ಕಳಿಸ್ತೀನಿ. ಅದನ್ನ ಒತ್ತು, ನೇರಾ ಗುಡಿ ಮುಂದಕ್ಕೇ ಬತ್ತೀಯ," ಎಂದಳು. ಭಾನುವಾರ ಸಂಜೆ ಅದು ಬಂತು. ಯಾರ ಫೋನಿನಿಂದ ತೆಗೆದದ್ದು ಎಂದು ನಾನು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ರಾಹುಕಾಲಕ್ಕೆ ಮೊದಲೇ ಹೊಸ್ತಿಲು ದಾಟಬೇಕೆಂದು ಅವ್ವ ಐದಕ್ಕೇ ಎಬ್ಬಿಸಿದಳು. ಮಗಳಿಗೆ ಪರೀಕ್ಷೆ ಇದ್ದದ್ದರಿಂದ ಹೆಂಡತಿ ಮನೆಯಲ್ಲೇ ಉಳಿದಳು. ಸೀರೆ, ಹಣ್ಣು, ಬೆಲ್ಲ ಎಲ್ಲ ಕಾರಿನಲ್ಲಿಟ್ಟೆವು. ಚಿನ್ನದ ಓಲೆಯ ಪುಟ್ಟ ಡಬ್ಬಿಯನ್ನು ಅವ್ವ ಸೊಂಟದ ಚೀಲದಲ್ಲಿ ಸಿಕ್ಕಿಸಿಕೊಂಡಳು. ನನ್ನ ಚುಕ್ಕಿಯನ್ನು ತಂಗಿಗೆ ಕಳಿಸಿ, ಅವಳ ಲೊಕೇಶನ್ ಒತ್ತಿದೆ. ನನ್ನದು ಕೈದಾಟಿ ಬಂದ ಫೋನು, ಹಳೆಯ ಯಜಮಾನ ಅಮೆರಿಕದವಳನ್ನು ಇಟ್ಟಿದ್ದ, ನಾನೂ ಬದಲಿಸಿರಲಿಲ್ಲ. ಅವಳು ಬಾಯಿ ಬಿಟ್ಟ ಮೊದಲ ಮಾತು, "ಹೆಡ್ ಈಸ್ಟ್."

"ಏನಂದ್ಲು?" ಎಂದಳು ಅವ್ವ.

ನನಗೆ ಸುಮ್ಮನಿರಲು ಆಗುವುದಿಲ್ಲ. "ಮೂಡಲಿಗೆ ಓಗು ಅಂದ್ಲು. ನೋಡವ್ವ, ನಿನ್ನಂಗೇ ದಿಕ್ಕು ಏಳ್ತಾಳೆ."

"ಇವತ್ತು ಸೋಮಾರ ಕಣ್ಲಾ!"

ನಮ್ಮ ಕಡೆ ಮನೆಮನೆಯಲ್ಲೂ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದೆ. ಅದರ ಕೆಳಗಡೆ ದಿನದಿನದ ಶೂಲ ಅಚ್ಚಾಗಿರುತ್ತದೆ. ಆ ದಿನ ಆ ದಿಕ್ಕಿಗೆ ಪ್ರಯಾಣ ಹೊರಟರೆ ಕೆಲಸ ಕೆಡುತ್ತದೆ ಎಂದು ಅರ್ಥ. ಸೋಮವಾರ ಮೂಡಲಿಗೆ ಶೂಲ, ಪರಿಹಾರ ಮೊಸರು.

"ಅಮೆರಿಕದೋಳು ಅವ್ವ. ಅವಳ ಮನೇಲಿ ಕ್ಯಾಲೆಂಡರ್ ಇಲ್ಲ."

"ಇಲ್ದಿದ್ರೆ ಇದ್ದೋರ್ನ ಕೇಳ್ಬೇಕು."

ಒಳಗೆ ಹೋಗಿ ಇಬ್ಬರೂ ಮೊಸರು ತಿಂದು ಬಂದೆವು. ಅಷ್ಟಕ್ಕೆ ಅವ್ವನಿಗೆ ಧೈರ್ಯ ಬರಲಿಲ್ಲ. ಕಳೆದ ಸಲ ಕೆಟ್ಟದ್ದು ಸಾಲದೆ, ಮೊದಲು ಪಡುವಲಿಗೆ ನಾಲ್ಕು ಮಾರು ಹೋಗಿ ಆಮೇಲೆ ತಿರುಗು ಎಂದಳು. ಪಡುವಲ ರಸ್ತೆ ನನ್ನ ಆಫೀಸಿನ ರಸ್ತೆ. ಅಲ್ಲಿ ತಿರುಗಲು ಜಾಗ ಸಿಗುವುದು ಲೋಡು ಲಾರಿಗಳನ್ನು ಹತ್ತಿಸಿ ತೂಗುವ ತೂಕದ ಸೇತುವೆಯ ಮುಂದೆ. ನಾನು ಅತ್ತ ಹೊರಟದ್ದೇ ತಡ, "ಮೇಕ್ ಎ ಯು-ಟರ್ನ್," ಎಂದು ಅಮೆರಿಕದವಳು ಶುರು ಮಾಡಿದಳು.

"ಏನಂತಾಳೆ?"

"ತಿರುಗು ಅಂತಾಳೆ."

"ತಿರುಗ್ತೀವಿ, ಸ್ವಲ್ಪ ತಡ್ಕಾ ಅನ್ನು."

ತೂಕದ ಸೇತುವೆಯ ಮುಂದೆ ಸೋಮವಾರದ ಲಾರಿಗಳು ಸಾಲು ಹಿಡಿದಿದ್ದವು. ಹಿಂದೆ ಒಂದು, ಮುಂದೆ ಒಂದು ಸೇರಿ ನಾವು ನಡುವೆ ಸಿಕ್ಕಿಕೊಂಡೆವು. ಎದುರಿಗೇ ನನ್ನ ಆಫೀಸು. ಅಲ್ಲಿಂದ ಬಿಡಿಸಿಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಬೇಸರವಿಲ್ಲದೆ ಅದೇ ಮಾತು ಹೇಳಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಬೆವರು ಇಳಿಯುತ್ತಿತ್ತು.

ಹೆದ್ದಾರಿಗೆ ಬಿದ್ದ ಮೇಲೆ ಜೀವಕ್ಕೆ ಸಮಾಧಾನವಾಯಿತು. ಅವ್ವನೂ ಆ ದನಿಯ ಜೊತೆ ರಾಜಿಯಾದಳು. ಈಯಮ್ಮ ನಮ್ಮನ್ನು ನೋಡುತ್ತಿದ್ದಾಳಾ, ಅವಳ ಊರಿನಲ್ಲಿ ಈಗ ಎಷ್ಟು ಗಂಟೆ, ಊಟ ಯಾವಾಗ ಮಾಡುತ್ತಾಳೆ ಎಂದು ಒಂದೊಂದೇ ಕೇಳಿದಳು. ನನಗೂ ಇವೇ ಅನುಮಾನಗಳಿದ್ದವು, ಕೇಳಲು ನಾಚಿಕೆಯಿತ್ತು ಅಷ್ಟೆ. ಒಂದು ವಿಷಯ ಮಾತ್ರ ನನಗೆ ಈಗಲೂ ಅರ್ಥವಾಗಿಲ್ಲ. ಹೊರಡುವಾಗ ಮೂಡಲು ಎಂದು ದಿಕ್ಕು ಹೇಳುವವಳು ಆಮೇಲೆ ಎಡ ಬಲಕ್ಕೆ ಇಳಿದುಬಿಡುತ್ತಾಳೆ. ದಿಕ್ಕು ಗೊತ್ತಿದ್ದೂ ಯಾಕೆ ಬಿಡುತ್ತಾಳೆ?

ಸೇಲಂ ಬೈಪಾಸಿನಲ್ಲಿ ಕೊಂಡಲಾಂಪಟ್ಟಿ ರೌಂಡಾನಾ ಬಂತು. ಅವಳು ಟ್ರಾಫಿಕ್ ಸರ್ಕಲ್ ಎಂದಳು. ನಾನು ರೌಂಡಾನಾ ಎಂದು ತಿದ್ದಿದೆ. ಅವ್ವ ನಕ್ಕಳು. ಬಹಳ ದಿನದ ಮೇಲೆ ನನ್ನ ಮಾತಿಗೆ ಅವ್ವ ನಕ್ಕದ್ದು.

ಅಯೋಧ್ಯಾಪಟ್ಟಣದಲ್ಲಿ ಹೂವು ತೆಂಗಿನಕಾಯಿ ಕೊಳ್ಳಲು ನಿಲ್ಲಿಸಿದೆ. ಈ ಸಲ ನಿಜವಾಗಿಯೂ ಅಲ್ಲಿದ್ದೇನೆ ಎಂದು ಅಂಗಡಿಯ ಬೋರ್ಡಿನಲ್ಲಿ ಊರಿನ ಹೆಸರು ಓದಿ ನೋಡಿದೆ. ಕಾರಿಗೆ ಬಂದಾಗ ಫೋನಿನ ಮ್ಯಾಪ್ ನಿಂತುಹೋಗಿತ್ತು. ತಂಗಿ ಕಳಿಸಿದ್ದನ್ನು ಮತ್ತೆ ಒತ್ತಿದೆ. ಮುಟ್ಟಬೇಕಾದ ಜಾಗ ಬೆಳಿಗ್ಗೆ ಕಂಡದ್ದಕ್ಕಿಂತ ಸ್ವಲ್ಪ ಆಚೆ ಕಂಡಿತು. ಬೆಳಿಗ್ಗೆ ಅದು ಗುಡ್ಡದ ಬುಡದಲ್ಲಿತ್ತು, ಈಗ ಬಯಲಿನಲ್ಲಿ.

ಅಲ್ಲಿ ನನ್ನ ಬುದ್ಧಿ ಕೆಟ್ಟಿತು. ಅಮೆರಿಕದವಳಿಗೆ ನಮ್ಮ ಹಳ್ಳಿಗಾಡು ಏನು ಗೊತ್ತು, ಅವಳೇ ಎಲ್ಲೋ ತಪ್ಪಿದ್ದಾಳೆ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದನಿ ಬದಲಿಸಿ ಇಂಗ್ಲೆಂಡಿನವಳನ್ನು ಕೂರಿಸಿದೆ. ಮಂಜವಾಡಿ ಕಣಿವೆ ಹತ್ತಿ ಇಳಿಯುವವರೆಗೆ ಅವಳು ಗಂಭೀರವಾಗಿ ಕರೆದೊಯ್ದಳು. ಕಣಿವೆ ಇಳಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಿದರೆ ಜಾಗ ಮತ್ತೂ ಮೂಡಲಿಗೆ ಸರಿದಿತ್ತು. ಆಗ ಗಂಟೆ ಒಂಬತ್ತೂಕಾಲು. ಅಮೆರಿಕದವಳದು ಒಂದು ಗುಡಿ, ಇಂಗ್ಲೆಂಡಿನವಳದು ಇನ್ನೊಂದು ಗುಡಿ! ಇದೇನು ಹೆಂಗಸರಪ್ಪಾ ಎಂದು, ಇವರಿಬ್ಬರ ಸಹವಾಸವೇ ಬೇಡವೆಂದು ನಮ್ಮ ದೇಶದವಳನ್ನು ಕರೆದೆ. ನಮ್ಮ ನೆಲದವಳಿಗೆ ನಮ್ಮ ದೇವರು ಗೊತ್ತಿರಬೇಡವೇ? ಊರಿನ ಹೆಸರುಗಳನ್ನಂತೂ ಅವಳು ತೊದಲದೆ ಹೇಳಿದಳು. ಪಾಪಿರೆಡ್ಡಿಪಟ್ಟಿ ಎಂಬ ಹೆಸರು ಅವಳ ಬಾಯಲ್ಲಿ ಮುರಿಯದೆ ಬಂದಾಗ ನನಗೆ ಎಷ್ಟು ನಂಬಿಕೆ ಬಂತೆಂದರೆ, ಅವಳು ಹೆದ್ದಾರಿ ಬಿಡಿಸಿ ಮರಗೆಣಸಿನ ಹೊಲಗಳ ನಡುವಿನ ಮಣ್ಣು ದಾರಿಗೆ ಇಳಿಸಿದಾಗಲೂ ಹಿಂದುಮುಂದು ನೋಡದೆ ಇಳಿದೆ.

ಮಣ್ಣು ದಾರಿ ಸಣ್ಣದಾಗುತ್ತ ಹೋಯಿತು. ತಮಟೆಯ ಸದ್ದಿಲ್ಲ, ಶಾಮಿಯಾನ ಇಲ್ಲ, ಒಂದು ಬೈಕು ಕೂಡ ಇಲ್ಲ. ಕಾರು ನಿಲ್ಲಿಸಿ ತಂಗಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲವೂ ಎತ್ತಲಿಲ್ಲ. ಅವಳಿಗೆ ಬೇಸರವಾಗಿ ಹೋಗಿದೆ, ಆಗಲೇ ಇನ್ನೊಂದು ತೊಡೆ ನೋಡಿಕೊಂಡಿದ್ದಾರೆ, ಇನ್ನೊಂದು ಮಗುವಿಗೂ ನಾನು ಅಂಕಲ್ ಆದೆ ಎಂದು ತೋರಿತು. ಒಂಬತ್ತು ಐವತ್ತು ಆಗಿತ್ತು.

"ಇತ್ತ ಕೊಡ್ಲಾ ಅದನ್ನ," ಎಂದು ಅವ್ವ ಫೋನು ಕಿತ್ತುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ತಂಗಿ ಕಳಿಸಿದ ಚುಕ್ಕಿಯನ್ನು ಹಿಗ್ಗಿಸಿ ಕೊಡು ಎಂದಳು. ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, ಹಾಲು ಕಾಯಿಸುವಾಗ ನೋಡುವಂತೆ ಕದಲದೆ ನೋಡಿದಳು. ನಾನು ಹೊರಗೆ ಇಳಿದು ಅತ್ತಿತ್ತ ಓಡಾಡಿ ಬಂದೆ. ಅವಳು ಇನ್ನೂ ನೋಡುತ್ತಲೇ ಇದ್ದಳು.

"ಗುಡಿ ನಡೀತದೇನ್ಲಾ?"

"ಏನವ್ವ?"

"ಇದು ನಡೀತೈತೆ. ನೋಡು, ಸ್ವಲ್ಪ ಓಯ್ತು, ನಿಂತ್ಕಂತು. ಪಕ್ಕಕ್ಕೆ ಸರೀತು, ಮತ್ತೆ ನಿಂತ್ಕಂತು. ಮನುಷ ನಡೆಯೋದು ಇಂಗಲ್ಲ. ಗಾಡಿ ಓಗೋದೂ ಇಂಗಲ್ಲ." ಅವಳ ಮುಖ ಅರಳಿತು. "ಇದು ಮೇಯ್ತಾ ಐತೆ. ಇದು ಕುರಿ ಕಣ್ಲಾ!"

ನಾನು ನಂಬಲಿಲ್ಲ ಎಂದು ಹೇಳಬೇಕಾಗಿಲ್ಲ. ಆದರೆ ಮುಂದಿನ ತಿರುವು ದಾಟಿದ ಕೂಡಲೇ ಕಡಲೆಕಾಯಿ ಕಿತ್ತ ಹೊಲದ ತುಂಬ ಕುರಿ. ನಡುವೆ ಕೋಲೂರಿಕೊಂಡು ನಿಂತಿದ್ದವರು ತಂಗಿಯ ಮಾವ. "ಯು ಹ್ಯಾವ್ ಅರೈವ್ಡ್," ಎಂದಳು ನಮ್ಮ ದೇಶದವಳು, ಬಲು ಹೆಮ್ಮೆಯಿಂದ.

"ವಾಂಗ, ಬನ್ನಿ ಬನ್ನಿ! ಇದೇನು ಮಾಪ್ಳೆ, ನನ್ನ ಉಡುಕ್ಕಂಡು ಬಂದ್ರಾ? ಅಲ್ಲಿ ಗುಡಿತಾವ ಕಾಯ್ತಾವ್ರಲ್ಲ!" ಎಂದರು ಮುದುಕರು, ಅಳಿಯನನ್ನು ಮಾಪ್ಳೆ ಎನ್ನುವ ನಮ್ಮ ಕಡೆಯ ರೂಢಿಯಂತೆ. ಅವರ ಅಂಗಿಯ ಜೇಬಿನಲ್ಲಿ ದಾರ ಕಟ್ಟಿದ ಫೋನು ಇತ್ತು.

ವಿಷಯ ಇಷ್ಟೆ. ಕುರಿ ಮಂದೆಯನ್ನು ಹೊಲದವರು ಕರೆಸಿಕೊಳ್ಳುತ್ತಾರೆ. ರಾತ್ರಿ ಮಂದೆ ಹೊಲದಲ್ಲಿ ತಂಗಿದರೆ ಗೊಬ್ಬರವಾಗುತ್ತದೆ. ಎರಡು ದಿನ ಈ ಹೊಲ, ಎರಡು ದಿನ ಆ ಹೊಲ. ಭಾನುವಾರ ಸಂಜೆ ಮಂದೆ ಇದ್ದದ್ದು ಗುಡಿಯ ಪಕ್ಕದ ಹೊಲದಲ್ಲೇ. ಮ್ಯಾಪಿನಲ್ಲಿ ಗುಡಿ ಇಲ್ಲ, ಮಾವನ ಫೋನು ಗುಡಿಯ ಪಕ್ಕ ಇದೆ, ನಿಲ್ಲಿಸುವವರೆಗೂ ಓಡುವ ಅದರ ಲೈವ್ ಲೊಕೇಶನ್ ಕಳಿಸಿದರೆ ಅಣ್ಣ ಗುಡಿಗೆ ಬರುತ್ತಾನೆ ಎಂದು ತಂಗಿ ಲೆಕ್ಕ ಹಾಕಿದ್ದಳು. ಬೆಳಗಾದ ಮೇಲೆ ಕುರಿ ಮೇಯಲು ಹೊರಡುತ್ತದೆ, ಫೋನೂ ಅದರ ಜೊತೆ ಹೊರಡುತ್ತದೆ ಎಂಬುದು ಗಡಿಬಿಡಿಯಲ್ಲಿ ಅವಳಿಗೆ ಹೊಳೆದಿಲ್ಲ. ಮನೆಯವರೆಲ್ಲ ಗುಡಿಯಲ್ಲಿದ್ದರೂ ಮುದುಕರು ಬರುವಂತಿರಲಿಲ್ಲ. ಮೊಮ್ಮಗಳ ಕಿವಿ ಚುಚ್ಚುತ್ತಾರೆಂದು ಕುರಿ ಉಪವಾಸ ಇರುತ್ತದೆಯೇ?

ನಗುವುದೋ ಅಳುವುದೋ ತಿಳಿಯಲಿಲ್ಲ. ನಮ್ಮಜ್ಜಿಯೂ ಹೀಗೇ ಹೇಳುತ್ತಿದ್ದಳು. ಮನೆ ಎಲ್ಲಿ ಎಂದರೆ ಮಂದೆ ಇರುವ ಹೊಲದ ಪಕ್ಕ ಎನ್ನುತ್ತಿದ್ದಳು, ಕೇಳಿದವರು ಮಂದೆ ಎಲ್ಲಿ ಎಂದು ಇನ್ನೊಬ್ಬರನ್ನು ಕೇಳಬೇಕಿತ್ತು. ತಂಗಿ ಅಜ್ಜಿಯ ವಿಳಾಸವನ್ನೇ ಕಳಿಸಿದ್ದಳು. ನಾನು ಮಾತ್ರ ಮೂರು ಹೆಂಗಸರ ಮೇಲೆ ಅನುಮಾನ ಪಟ್ಟು ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆದಿದ್ದೆ. ಮೂವರೂ ತಮ್ಮ ತಮ್ಮ ಇಂಗ್ಲಿಷಿನಲ್ಲಿ ನನ್ನನ್ನು ಸರಿಯಾಗಿ ಒಂದೇ ಕುರಿಮಂದೆಗೆ ಕರೆದೊಯ್ಯುತ್ತಿದ್ದರು.

"ಗುಡಿಗೆ ಯಾವ ಕಡೆ ಮಾಮ? ಬೇಗ ಏಳಿ," ಎಂದೆ.

"ಪಡುವಲಿಗೆ ಓಗು. ಒಂಟಿ ಉಣಸೆ ಮರ ಸಿಗ್ತೈತೆ. ಅಲ್ಲಿಂದ ಬಡಗಲಿಗೆ ಮುರ್ಕಾ. ಒಣ ಅಳ್ಳ ದಾಟಿ ಮತ್ತೆ ಪಡುವಲು."

"ಎಡಕ್ಕಾ ಬಲಕ್ಕಾ ಮಾಮ?"

"ನೀನು ಎತ್ತ ಮಕ ಮಾಡ್ಕಂಡಿರ್ತೀಯೋ ನನಗೇನು ಗೊತ್ತು?" ಎಂದರು ಅವರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿನವರೆಗೂ ಆಗಿಲ್ಲ.

"ನಡಿ, ನಾನು ಏಳ್ತೀನಿ," ಎಂದು ಅವ್ವ ಮುಂದಿನ ಸೀಟಿಗೆ ಬಂದು ಕೂತಳು. ಹತ್ತು ಗಂಟೆ ಐದು ನಿಮಿಷ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಡೆ ಎಂದಳು, ಕಾರಿನ ಹಿಂದಿನ ಗಾಜಿನಲ್ಲಿ ಸೂರ್ಯನನ್ನು ಇಟ್ಟುಕೊಂಡು ಹೊಡೆದೆ. ಕಳೆದ ಸಲ ನೋ‌ಡಿದ್ದ ಗುಡಿಯ ನೆನಪೂ ಅವಳಿಗೆ ಬಂತು. ಗುಡಿಯ ಬೆನ್ನಿಗೆ ಗುಡ್ಡ ಇತ್ತು, ಬಾಗಿಲಿಗೆ ಎಳೆಬಿಸಿಲು ಬೀಳುತ್ತಿತ್ತು ಎಂದು ತನಗೇ ಹೇಳಿಕೊಳ್ಳುತ್ತ, ಎದುರಿನ ಗುಡ್ಡದ ಮೇಲೆ ಕಣ್ಣಿಟ್ಟು ಕೂತಳು. ಮ್ಯಾಪ್ ನಿಲ್ಲಿಸಲು ನಾನು ಮರೆತಿದ್ದೆ. ಹುಣಸೆ ಮರದ ಹತ್ತಿರ ಆ ದನಿ ಮತ್ತೆ ಬಾಯಿ ಬಿಟ್ಟು ಯು-ಟರ್ನ್ ಮಾಡು ಎಂದಿತು. ಎರಡು ಸಲ, ಮೂರು ಸಲ ಹೇಳಿತು.

"ಸುಮ್ನಿರೇ ಮಾರಾಯ್ತಿ!" ಎಂದು ರೇಗಿದೆ.

"ಅವ್ಳನ್ನ ಯಾಕ್ಲಾ ಬಯ್ತೀಯ? ಪಾಪ, ಅವ್ಳಿಗೆ ಕುರಿತಾವ ಬಿಡು ಅಂತ ಏಳಿದ್ದು ನೀನೇ ತಾನೆ?" ಎಂದಳು ಅವ್ವ.

ಒಣ ಹಳ್ಳದಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿತು. ದಾಟಿದ ಮೇಲೆ ತಮಟೆಯ ಸದ್ದು ಕೇಳಿಸಿತು. ಗುಡಿಯ ಮುಂದೆ ಕಾರು ನಿಂತಾಗ ಹತ್ತು ಇಪ್ಪತ್ತು. ಕಿವಿ ಚುಚ್ಚುವ ಅಕ್ಕಸಾಲಿ ಆಸಾರಿಯವರು ಸೂಜಿ ಹಿಡಿದುಕೊಂಡು ಕೈಗಡಿಯಾರ ನೋಡುತ್ತಿದ್ದರು. ಕಲ್ಲಿನ ಮೇಲೆ ಹಾಸಿದ್ದ ಕಂಬಳಿಯ ಮೇಲೆ ಯಾರೂ ಕೂತಿರಲಿಲ್ಲ. ಅವ್ವ ಓಲೆಯ ಡಬ್ಬಿ ತೆಗೆದುಕೊಟ್ಟಳು. ನಾನು ಚಪ್ಪಲಿ ಕಳಚಿ ಓಡಿಹೋಗಿ ಕೂತೆ.

ತಂಗಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಬೋಳಿಸಿದ ತಲೆಗೆ ಚಂದನ ಬಳಿದಿದ್ದರು, ತಣ್ಣಗಿತ್ತು. ನನ್ನ ಮುಖ ನೋಡಿದ್ದೇ ಕೂಸು ಕಿರುಚಿಕೊಂಡಿತು. ಯಾರೋ ಬೆಲ್ಲ ಬಾಯಿಗಿಟ್ಟರು. ಒಂದು ಕಿವಿ ಆಯಿತು. ಇನ್ನೊಂದು ಕಿವಿಗೆ ಅದು ನನ್ನ ಹೆಬ್ಬೆರಳನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಉಗುರು ಮೂಡಿತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಜನ ನೋಡಿದರು, ನೋಡಲಿ.

ತಮಟೆ ನಿಂತು ಎಲ್ಲರೂ ಊಟದ ಕಡೆ ಹೊರಟರು. ಮಗು ಬಿಕ್ಕುತ್ತ ನನ್ನ ತೊಡೆಯ ಮೇಲೆಯೇ ಕೂತಿತ್ತು. ತಂಗಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅವಳ ಕೈಯಲ್ಲಿ ಫೋನು ಇತ್ತು, ಬೆಳಿಗ್ಗೆಯಿಂದ ಬಿಟ್ಟಿರಲಿಲ್ಲವೇನೋ, ಅರಿಸಿನ ಮೆತ್ತಿತ್ತು.

"ಮೂರು ಸಲ ಫೋನ್ ಮಾಡ್ದೆ. ಯಾಕೆ ಎತ್ತಲಿಲ್ಲ?" ಎಂದೆ.

ಅವಳು ಮಗುವಿನ ಕಿವಿಗೆ ಅಂಟಿದ್ದ ರಕ್ತವನ್ನು ಸೆರಗಿನಿಂದ ಒರೆಸಿದಳು. "ಬೆಳಿಗ್ಗೆ ನಿನ್ನ ಚುಕ್ಕಿ ಪಡುವಲಿಗೆ ಓಯ್ತು. ಆಪೀಸ್ ಮುಂದೆ ಇಪ್ಪತ್ತು ನಿಮಿಷ ನಿಂತಿತ್ತು. ಈ ಸಲಾನೂ ಅಷ್ಟೇ ಅಂತ ಅಳು ಬಂತು. ಆಮೇಲೆ ಅದು ತಿರುಗ್ತು. ಗುಡಿ ಇಂದೆ ಬಂಡೆ ಮೇಲೆ ಸಿಗ್ನಲ್ ಸಿಗ್ತೈತೆ, ಅಲ್ಲೇ ಕೂತು ನೋಡ್ತಿದ್ದೆ."

"ಎತ್ತಿ ಒಂದು ಮಾತು ಕೇಳ್ಬೋದಿತ್ತಲ್ಲ."

"ಎತ್ತಿದ್ರೆ ನೀನು ಏನಾದ್ರೂ ಏಳ್ತಿದ್ದೆ ಅಣಾ. ನಾನು ನಂಬ್ತಿದ್ದೆ."

ಹೇಳಲು ನನ್ನ ಹತ್ತಿರ ಎಷ್ಟೋ ಇತ್ತು. ಸೋಮವಾರದ ಶೂಲ, ತೂಕದ ಸೇತುವೆಯ ಲಾರಿಗಳು, ಅವಳ ಮಾವನ ಜೇಬಿನ ಫೋನು. ಎಲ್ಲವೂ ನಿಜವೇ. ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿಕೊಂಡು ಅಲ್ಲೇ ಕೂತಿದ್ದೆ.